ದೊರೆಯೇ ಆಳು

"ಕನ್ನಡದಲ್ಲಿ ನನಗೆ ಅರ್ಥವಾಗದ ಪದ ಇನ್ನೂ ಹುಟ್ಟಿಲ್ಲ" ಅನ್ನೋದು ಶೇಷಾವಧಾನಿಗಳ ಜಂಬ. ಕೋಡಿಪುರದ ದೊರೆ ಬೊಪ್ಪನಾಯಕನಿಗೆ ಈ ಆಸ್ಥಾನ ಪಂಡಿತರು ಹೇಳಿದ್ದೇ ವೇದವಾಕ್ಯ. ಅವರು ಹೂಂ ಅಂದರೆ ಊಟ, ಊಹೂಂ ಅಂದರೆ ಉಪವಾಸ.

ಅಂಥ ಆಸ್ಥಾನಕ್ಕೆ ಪದುಮಲೆ ಅನ್ನೋ ಹುಡುಗಿ ತನ್ನ ಕವಿತೆಯ ಓಲೆ ತಂದು ಒಪ್ಪಿಸಿದಳು. ಹೊಸ ಕಾಲದ ಕವಿತೆ ಕೇಳಬೇಕೇ! ಪ್ರಾಸಕ್ಕೂ ರಜ, ವಿರಾಮಚಿಹ್ನೆಗೂ ರಜ. ಇದ್ದದ್ದು ಎರಡೇ ಸಾಲು:

ಹೊಲ ಕಾದಿದೆ ಕೆರೆ ಕಾದಿದೆ
ದೊರೆಯೇ ಆಳು

ಓದಿದ್ದೇ ತಡ, ಅವಧಾನಿಗಳು ಕೆಂಡವಾದರು. ಆಳು ಅಂದರೆ ಕೂಲಿಯಾಳು, ದೊರೆಯನ್ನೇ ಆಳು ಅಂದ ಈ ಅಧಿಕಪ್ರಸಂಗಿಯನ್ನು ಗಡೀಪಾರು ಮಾಡಲೇಬೇಕು ಅಂತ ಪಟ್ಟು ಹಿಡಿದರು.

ವಿದೂಷಕ ಮಾಚಣ್ಣ ನಡುವೆ ಬಾಯಿ ಹಾಕಿದ. ರಾಜ್ಯ ಆಳು ಅಂತಲೂ ಆಗುತ್ತಲ್ಲ ಅಂದು ನೋಡಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋಗಲಿ, ಇವಳಾದರೂ ಹೌದು ಅನ್ನಬಾರದೇ? ಯಾವ ಅರ್ಥ ಅಂತ ದೊರೆ ಕೇಳಿದರೆ, ಬರೆದದ್ದು ನಾನು, ಅರ್ಥ ಓದಿದವರದ್ದು ಅಂದುಬಿಟ್ಟಳು ಮಹರಾಯ್ತಿ. ಹಠಮಾರಿ! ಆದರೂ ಆ ಹಠ ಮಾಚಣ್ಣನಿಗೆ ಹಿಡಿಸಿತು. ಇವಳು ಊರು ಬಿಡಕೂಡದು ಅಂದುಕೊಂಡ.

ಅವನು ಅವಧಾನಿಗಳಿಗೆ ಕೈಮುಗಿದ. ತಮ್ಮ ಮುಂದೆ ನಾನೆಷ್ಟರವನು, ದೊರೆ ಈಗ ಏನೇನು ಮಾಡಬೇಕು ಅಂತ ತಾವೇ ಅಪ್ಪಣೆ ಕೊಡಿಸಿ ಅಂದ. ಅವಧಾನಿಗಳು ಉಬ್ಬಿಹೋದರು. ದೊರೆ ಮೊದಲು ಎದ್ದು ನಿಲ್ಲಬೇಕು ಅಂದರು, ದೊರೆ ನಿಂತ. ಮೂಡಲಿಗೆ ತಿರುಗಬೇಕು ಅಂದರು; ತಿರುಗಿದ. ಇನ್ನು ಗಡೀಪಾರಿನ ತೀರ್ಪು ಹೇಳಬೇಕು ಅಂದರು, ಬಾಯಿ ತೆರೆದ.

"ಸಾಕು ಬುದ್ಧಿ, ನಾನು ಸೋತೆ," ಅಂದ ಮಾಚಣ್ಣ. "ಅವಧಾನಿಗಳ ಅರ್ಥವೇ ಸರಿ. ಅವರು ನಿಲ್ಲು ಅಂದರು, ನಿಂತಿರಿ. ತಿರುಗು ಅಂದರು, ತಿರುಗಿದಿರಿ. ಈಗ ಅವರು ಹೇಳಿಕೊಟ್ಟ ತೀರ್ಪನ್ನೂ ಹೇಳಿಬಿಟ್ಟರೆ ಯಾರಿಗೂ ಅನುಮಾನ ಉಳಿಯೋಲ್ಲ. ಇಲ್ಲಿ ದೊರೆಯೇ ಆಳು."

ದೊರೆಯ ಮುಖ ಕೆಂಪಾಯಿತು.

"ಆ ಅರ್ಥ ನನಗೆ ಬೇಡ ಅಂದರೆ?"

"ಸಿಂಹಾಸನದಲ್ಲಿ ಕೂತು ನಿಮಗೆ ಸರಿ ಕಂಡದ್ದು ಮಾಡಿ. ಆಗ ಅದೇ ಸಾಲನ್ನು ಕೊಂಚ ನಿಲ್ಲಿಸಿ ಓದ್ತೀನಿ: ದೊರೆಯೇ, ಆಳು."

ಬೊಪ್ಪನಾಯಕ ಧೊಪ್ಪನೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಕೊರಳಿನ ಹಾರ ತೆಗೆದು ಪದುಮಲೆಗೆ ಕೊಡಿಸಿ, ಈ ಊರಲ್ಲೇ ಇದ್ದುಕೊಂಡು ಬರಿ ತಾಯಿ ಅಂದ. ಆಮೇಲೆ ಮುಖ ಹುಳ್ಳಗೆ ಮಾಡಿಕೊಂಡಿದ್ದ ಅವಧಾನಿಗಳ ಕಡೆ ತಿರುಗಿದ.

"ಇವರನ್ನೇನು ಮಾಡೋಣ ಹೇಳು, ಮಾಚಣ್ಣ?"

"ಅದನ್ನು ನಾನು ಹೇಳಿದರೆ," ಅಂದ ಮಾಚಣ್ಣ, "ನೀವು ನನ್ನ ಆಳಾಗಿಬಿಡ್ತೀರಲ್ಲ, ಬುದ್ಧಿ."