ಕಣಗಿಲೆಯ ಎಲೆ ಕಹಿಯಾದದ್ದು

೧೯೯೪ರ ಜೂನ್ ೧೧, ಶನಿವಾರ. ಅಂದಿನ ನನ್ನ ದಿನಚರಿಯಲ್ಲಿ ಹೀಗಿದೆ: "ಸಂಜೆ ನಮ್ಮ ಬಡಾವಣೆಯ ವೃತ್ತದ ಸಭೆ. ನಡುವಿನ ದುಂಡು ಜಾಗದಲ್ಲಿ ಏನು ನೆಡಬೇಕೆಂಬ ಚರ್ಚೆ. ಬಂದವರೆಷ್ಟೋ ಗಿಡದ ಹೆಸರೂ ಅಷ್ಟೇ. ಕೊನೆಗೆ ಕಣಗಿಲೆ."

ಕಣಗಿಲೆಯ ಹೆಸರು ಹೇಳಿದವಳು ನಾನೇ. ಎದುರು ಮನೆಯ ಬಸವಂತಪ್ಪನವರು ತೆಂಗೇ ಆಗಬೇಕೆಂದು ಹಟ ಹಿಡಿದಿದ್ದರು. "ಕಾಯಿ ಯಾರ ತಲೆ ಮೇಲೆ ಬೀಳಬೇಕು ಅಂತ ನಿಮ್ಮ ಯೋಜನೆ?" ಎಂದು ಕೇಳಿದೆ. ಎಲ್ಲರೂ ನಕ್ಕರು. "ಕಣಗಿಲೆಯಾದರೆ ತೀರಾ ಎತ್ತರ ಹೋಗಲ್ಲ, ದಿನಾ ನೀರು ಕೇಳಲ್ಲ, ದನ ಬಾಯಿ ಹಾಕಲ್ಲ" ಎಂದೆ. ಒಪ್ಪಿದರು.

ಮನೆಗೆ ಬರುವಾಗ ಮೊಮ್ಮಗಳು ಸುವ್ರತಾ ಕೈ ಜಗ್ಗಿದಳು. "ಅಜ್ಜಿ, ದನ ಯಾಕೆ ಬಾಯಿ ಹಾಕಲ್ಲ? ಅದರ ಜೊತೆ ಟೂ ಬಿಟ್ಟಿದೆಯಾ?"

ನಾನು ಸಸ್ಯಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದವಳು. ಕಣಗಿಲೆಯಲ್ಲಿರುವ ವಿಷದ ಹೆಸರನ್ನೇ ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದು ಈ ಕಥೆ.

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಆಗಷ್ಟೇ ಗೊತ್ತಾಗಿತ್ತು. ನದಿಗಳು ಇನ್ನೂ ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಒಂದು ಬಯಲಿನಲ್ಲಿ ನಾಲ್ಕು ಕಾಲುದಾರಿಗಳು ಕೂಡುತ್ತಿದ್ದವು. ಒಂದು ನೀರಿಗೆ, ಒಂದು ಹುಲ್ಲಿಗೆ, ಒಂದು ನೆರಳಿಗೆ, ಒಂದು ಗೂಡಿಗೆ. ಸಂಜೆಯಾದರೆ ಎಲ್ಲ ಪ್ರಾಣಿಗಳೂ ಅಲ್ಲೇ ಢಿಕ್ಕಿ.

"ನಾನು ದೊಡ್ಡವನು, ದಾರಿ ಬಿಡಿ" ಎನ್ನುತ್ತಿತ್ತು ಆನೆ.

"ನಾನು ಬೆಳಿಗ್ಗೆಯೇ ಹೊರಟವಳು, ಇನ್ನೂ ಇಲ್ಲೇ ಇದ್ದೇನೆ. ನೀನೇ ನಿಲ್ಲಪ್ಪ" ಎನ್ನುತ್ತಿತ್ತು ಆಮೆ.

ಜಗಳ ಕೇಳಿ ಕೇಳಿ ಭೂಮಿತಾಯಿಗೆ ತಲೆನೋವು ಬಂತು. ದಾರಿಗಳು ಕೂಡುವಲ್ಲಿ ಮಣ್ಣನ್ನು ಉಬ್ಬಿಸಿ ಒಂದು ದುಂಡು ದಿಣ್ಣೆ ಮಾಡಿದಳು. "ಇನ್ನು ಎಲ್ಲರೂ ಇದನ್ನು ಸುತ್ತಿ ಹೋಗಿ" ಎಂದಳು. ಬರಿಯ ದಿಣ್ಣೆಗೆ ಯಾರು ಮರ್ಯಾದೆ ಕೊಡುತ್ತಾರೆ? ಹತ್ತಿ ಇಳಿದು ನೆಟ್ಟಗೆ ಹೋದರು. ಅಲ್ಲಿ ಯಾರಾದರೂ ನಿಲ್ಲಲೇಬೇಕಿತ್ತು.

ಮೊದಲು ಮಾವು ನಿಂತಿತು. ಹಣ್ಣಿನ ಆಸೆಗೆ ನಿಂತವರು ಯಾರೂ ಮುಂದೆ ಹೋಗಲಿಲ್ಲ. ದಾರಿ ಸಂತೆಯಾಯಿತು. ಆಮೇಲೆ ಬಿದಿರು ನಿಂತಿತು. ಆಚೆಯವರು ಈಚೆಯವರಿಗೆ ಕಾಣಲಿಲ್ಲ. ಕಾಡೆಮ್ಮೆಯ ಮೂಗಿಗೆ ಮುಳ್ಳುಹಂದಿ ಸಿಕ್ಕಿತು. ಆಗ ಕಾಡೆಮ್ಮೆ ಆಡಿದ ಮಾತುಗಳನ್ನು ಮಕ್ಕಳ ಮುಂದೆ ಹೇಳುವಂತಿಲ್ಲ.

ಗಾಳಿ ಭೂಮಿತಾಯಿಯ ಕಿವಿಯಲ್ಲಿ ಉಸುರಿತು. "ದಾರಿಯ ಅಂಚಿನಲ್ಲಿ ಕಣಗಿಲೆ ಇದ್ದಾಳೆ. ಯಾರ ಕಣ್ಣಿಗೂ ಅಡ್ಡ ಬರುವವಳಲ್ಲ. ಅವಳನ್ನು ಕೇಳಿ ನೋಡಮ್ಮ."

ಆಗ ಕಣಗಿಲೆಯ ಎಲೆ ಸಿಹಿಯಾಗಿತ್ತು. ಅವಳಿಗೆ ಇದ್ದವಳು ಒಬ್ಬಳೇ ಗೆಳತಿ, ಬಿಳಿ ಹಣೆಯ ಒಂದು ಕರು. ದಿನಾ ಸಂಜೆ ಬಂದು, ಒಂದೆರಡು ಎಲೆ ತಿಂದು, ಕಾಂಡಕ್ಕೆ ಕತ್ತು ಉಜ್ಜಿ, ಅಂದಿನ ಸುದ್ದಿಯನ್ನೆಲ್ಲ ಹೇಳಿ ಹೋಗುತ್ತಿತ್ತು.

"ನಿಲ್ಲುತ್ತೇನೆ. ಕರು ಅಲ್ಲಿಗೂ ಬರುತ್ತದಲ್ಲ" ಎಂದಳು ಕಣಗಿಲೆ.

ಕರು ಬಂತು. ಎಲ್ಲರೂ ಸುತ್ತಿ ಹೋದರೆ ಅದು ಮಾತ್ರ ದಾರಿಗೆ ಅಡ್ಡ ಓಡಿ ದಿಣ್ಣೆ ಹತ್ತುತ್ತಿತ್ತು.

"ಹುಷಾರು ಕಣೇ" ಎನ್ನುವಳು ಕಣಗಿಲೆ.

"ಹೋಗೇ, ನಾನೇನು ಆಮೆಯಾ?" ಎನ್ನುವುದು ಕರು.

ಒಂದು ಸಂಜೆ ದೂಳೆಬ್ಬಿಸಿಕೊಂಡು ಕಾಡೆಮ್ಮೆಯ ಹಿಂಡು ಬಂತು. ಕರು ಎಂದಿನಂತೆ ಅಡ್ಡ ಓಡಿತು. ದೂಳು ಇಳಿದಾಗ ದಾರಿಯಲ್ಲಿ ಬಿದ್ದಿತ್ತು. ಹಿಂಗಾಲಿನಲ್ಲಿ ರಕ್ತ. ಮೆಲ್ಲಗೆ ಎದ್ದು, ಕುಂಟುತ್ತ ದಿಣ್ಣೆ ಹತ್ತಿ, ಕಾಂಡಕ್ಕೆ ಕತ್ತು ಒರಗಿಸಿತು. ಹೋಗುವಾಗ "ನಾಳೆ ಬೇಗ ಬರ್ತೀನಿ" ಎಂದಿತು.

ನಾಳೆ ಎಂಬ ಮಾತಿಗೆ ಕಣಗಿಲೆ ನಡುಗಿದಳು.

"ಅಮ್ಮಾ, ನನ್ನನ್ನು ಮತ್ತೆ ಅಂಚಿಗೆ ಕಳಿಸು" ಎಂದು ಭೂಮಿತಾಯಿಯನ್ನು ಬೇಡಿದಳು.

"ಕಳಿಸಬಹುದು ಮಗಳೇ. ನಾಳೆಯಿಂದ ಇಲ್ಲಿ ಯಾರೂ ಇರುವುದಿಲ್ಲ. ಹಿಂಡುಗಳು ನೆಟ್ಟಗೆ ನುಗ್ಗುತ್ತವೆ. ಕರುವೂ ಇದೇ ದಾರಿಯಲ್ಲಿ ನೀರಿಗೆ ಹೋಗಬೇಕಲ್ಲವೇ?"

ಕಣಗಿಲೆ ದಾರಿಯಲ್ಲಿ ಉಳಿದ ರಕ್ತದ ಕಲೆಯನ್ನು ನೋಡಿದಳು.

"ಹಾಗಾದರೆ ನನ್ನ ಸಿಹಿಯನ್ನು ತೆಗೆದುಕೊಂಡುಬಿಡು. ಎಲೆಗೆ ಕಹಿ ಹಾಕು. ಸಣ್ಣ ಕಹಿ ಸಾಲದು. ಅವಳು ಹಟಮಾರಿ."

"ಬದಲಿಗೆ ನಿನಗೇನು ಕೊಡಲಿ?"

"ಹೂವು ಕೊಡು. ವರ್ಷವಿಡೀ ಕೊಡು. ನಾನಿಲ್ಲಿದ್ದೇನೆಂದು ಅವಳಿಗೆ ದೂರದಿಂದಲಾದರೂ ಕಾಣಲಿ."

ಮರುದಿನ ಕರು ಹೇಳಿದಂತೆಯೇ ಬೇಗ ಬಂತು. ಒಂದು ಎಲೆ ಕಚ್ಚಿತು. ಉಗುಳಿತು.

"ಥೂ! ಏನೇ ಇದು? ನನ್ನ ಮೇಲೆ ಕೋಪವಾ?"

ಕಣಗಿಲೆ ಮಾತಾಡಲಿಲ್ಲ. ಒಂದು ಮಾತಾಡಿದ್ದರೂ ಕರು ಅಲ್ಲೇ ಕೂತುಬಿಡುತ್ತಿತ್ತು.

"ಮಾತಾಡೇ!"

ಕಣಗಿಲೆ ಮಾತಾಡಲಿಲ್ಲ.

"ಹಾಗಾದರೆ ಟೂ" ಎಂದಿತು ಕರು. ದಿಣ್ಣೆ ಇಳಿದು ಹೋಯಿತು. ಮಾರನೆಯ ದಿನ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ಎಷ್ಟೋ ಮಳೆಗಾಲಗಳು ಕಳೆದವು. ಒಂದು ಸಂಜೆ ಬಿಳಿ ಹಣೆಯ ಹಸುವೊಂದು ಕುಂಟುತ್ತ ಬಂತು. ಜೊತೆಗೆ ಅದರ ಪುಟ್ಟ ಕರು. ಹೂವು ಕಂಡು ಕರು ಓಡಹೊರಟಿತು. ಹಸು ಕೊಂಬು ಅಡ್ಡ ಕೊಟ್ಟು ತಡೆಯಿತು.

"ಅದರ ಹತ್ತಿರ ಹೋಗಬೇಡ. ಕಹಿ. ಸುತ್ತಿ ನಡಿ."

ಕರು ಸುತ್ತಿ ನಡೆಯಿತು. ಹಸು ಒಮ್ಮೆ ತಿರುಗಿ ನೋಡಿತು. ಅಂದು ಗಾಳಿ ಇರಲಿಲ್ಲ. ಆದರೂ ಕಣಗಿಲೆಯ ಕೊಂಬೆಯೊಂದು ಅಲ್ಲಾಡಿತು.

"ಮತ್ತೆ ಸೇ ಆಗಲೇ ಇಲ್ವಾ ಅಜ್ಜಿ?" ಎಂದಳು ಸುವ್ರತಾ.

"ಆಗಲಿಲ್ಲ ಪುಟ್ಟಿ."

ಅದಕ್ಕೇ ಇಂದಿಗೂ ಕಣಗಿಲೆ ರಸ್ತೆಯ ನಡುವೆ ವರ್ಷವಿಡೀ ಹೂಬಿಟ್ಟು ನಿಂತಿರುತ್ತದೆ, ದನಗಳು ಅದರ ಒಂದೆಲೆಯನ್ನೂ ಮುಟ್ಟದೆ ಸುತ್ತಿ ಹೋಗುತ್ತವೆ. ದಾರಿಯಲ್ಲಿ ಜಗಳ ನಿಂತಿತು. ಕಣಗಿಲೆಗೆ ತಗುಲಿದ ಖರ್ಚು ಒಂದು ಕರು.