ವೀಳ್ಯದ ಕಂಡಿ

ಕಗ್ಗಲಿದುರ್ಗದ ಪಡುವಣ ಗೋಡೆಯಲ್ಲಿ ಒಬ್ಬ ಆಳು ಬಗ್ಗಿ ನುಸುಳುವಷ್ಟು ತೆರವಿದೆ. ಊರಿನ ಇತಿಹಾಸ ಸಂಘದ ಹನ್ನೊಂದು ಮಂದಿ ಭಾನುವಾರಗಳಂದು ಅಲ್ಲಿ ಮುಳ್ಳುಕಂಟಿ ಕಡಿಯುತ್ತಾರೆ. ಹೋದ ವರ್ಷ ಗುತ್ತಿಗೆದಾರನೊಬ್ಬ ಅದನ್ನು ಸಿಮೆಂಟಿನಿಂದ ಮುಚ್ಚಲು ಬಂದಾಗ ಸಂಘದ ಅಧ್ಯಕ್ಷ, ಟೈಲರ್ ಹುಸೇನ್ ಪೀರ್, ಕಂಡಿಯೊಳಗೇ ಕೂತುಬಿಟ್ಟರು. "ಮೊದ್ಲು ಕತೆ ಕೇಳಪ್ಪ. ಆಮೇಲೂ ಮುಚ್ಚೋ ಮನಸ್ಸಿದ್ರೆ ನನ್ನನ್ನೂ ಸೇರಿಸಿ ಮುಚ್ಚು" ಎಂದರು. ಅವರು ಹೇಳಿದ್ದು ಇದು.

ಹಿಂದೆ ಒಮ್ಮೆ ಈ ದುರ್ಗವನ್ನು ಓಬಳೇಶ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಗೋಡೆ ಕಟ್ಟಿದವನು ಯಲ್ಲಬೋವಿ. ಕಟ್ಟಿಸಿದವನು ತಾನೇ ಬಂದು ವೀಳ್ಯ ಕೊಟ್ಟ ಹೊರತು ಕಡೆಯ ಕಲ್ಲು ಕೂರಿಸಬಾರದೆಂಬುದು ಕಲ್ಲುಕುಟಿಗರ ಕಟ್ಟಳೆ. ನಾಯಕನಿಗೆ ಅದು ತನ್ನ ಮೀಸೆಗೆ ಕಡಿಮೆ ಎನಿಸಿತು. ಆಳಿನ ಕೈಯಲ್ಲಿ ವೀಳ್ಯ ಕಳಿಸಿದ. ಬೋವಿ ಅದನ್ನು ಮುಟ್ಟಲಿಲ್ಲ, ಮೇಕೆ ತಿಂದು ಹೋಯಿತು; ಕಡೆಯ ಕಲ್ಲಿನ ಜಾಗ ಕಂಡಿಯಾಗಿಯೇ ಉಳಿಯಿತು. ಅಲ್ಲಿಂದ ಒಳಗೆ ಹತ್ತೇ ಹೆಜ್ಜೆಯಲ್ಲಿ ಬೋವಿಯ ಗುಡಿಸಲು. ಹೆಂಡತಿ ದುರುಗಮ್ಮ, ಇಬ್ಬರು ಹೆಣ್ಣುಮಕ್ಕಳು. "ಕಲ್ಲು ಕೂರ್ಸು ಮಾರಾಯ, ನಿನ್ನ ಹಟ ನಮ್ಮನ್ನ ತಿಂತೈತೆ" ಎಂದು ಅವಳು ಮೂರು ದಿನ ಗೋಗರೆದಳಂತೆ. ಇಬ್ಬರು ಗಂಡಸರೂ ಜಗ್ಗಲಿಲ್ಲ. ಹಾಳು ಬಿಗುಮಾನ!

ನಾಲ್ಕನೆಯ ದಿನ ಹೊತ್ತು ಮೂಡುವಾಗ ನೆರೆಯ ಪಾಳೆಯದ ದಂಡು ಮೂಡಣ ಬಾಗಿಲಿಗೆ ಲಗ್ಗೆ ಹಾಕಿತು. ದುರ್ಗದ ಆಳುಗಳೆಲ್ಲ ಅತ್ತ ಓಡಿದರು. ಇತ್ತ ಮೂವತ್ತು ಜನ ಸದ್ದಿಲ್ಲದೆ ಪಡುವಣ ಕಂಡಿಗೆ ಬಂದರು. ತನ್ನ ಕೈಯಾರೆ ಬಿಟ್ಟ ತೆರವು ಅದೆಂದು ಬೋವಿಗೆ ಗೊತ್ತಿತ್ತು. ಒಬ್ಬನು ದಾಟಿದರೂ ಮೊದಲು ಸಿಗುವುದು ತನ್ನ ಗುಡಿಸಲೆಂಬುದೂ ಗೊತ್ತಿತ್ತು. ಸಮ್ಮಟಿಗೆ ಹಿಡಿದು ನಿಂತ. ತೂರಿಬಂದ ಮೊದಲ ತಲೆ ತೆಂಗಿನಕಾಯಿಯಂತೆ ಒಡೆಯಿತು. ಎರಡನೆಯವನ ಬೆನ್ನುಮೂಳೆ ಮುರಿಯಿತು. ಹೊರಗಿನವರು ಹೆಣಗಳನ್ನು ಕಾಲು ಹಿಡಿದು ಎಳೆದುಹಾಕಿ ಮತ್ತೆ ನುಗ್ಗಿದರು. ಒಂಬತ್ತು ಜನ ಬಿದ್ದರೆನ್ನುತ್ತಾರೆ, ಹನ್ನೆರಡು ಎನ್ನುವವರೂ ಇದ್ದಾರೆ. ಈಟಿಯೊಂದು ಅವನ ಹೊಟ್ಟೆ ಸೀಳಿತು. ಸಮ್ಮಟಿಗೆ ಎತ್ತಿದಾಗ ಒಂದು ಕತ್ತಿಯೇಟು ಎರಡೂ ಮುಂಗೈಗಳನ್ನು ಹಾರಿಸಿತು. ಬೋವಿ ಕೆಳಗೆ ಬೀಳಲಿಲ್ಲ. ಬೆನ್ನು ಕೊಟ್ಟು ಕಂಡಿಯಲ್ಲಿ ಕೂತ. ಅವರು ಆ ಬೆನ್ನನ್ನು ಕೊಚ್ಚುತ್ತಿರುವಾಗಲೇ ದುರುಗಮ್ಮನ ಚೀರಾಟ ಕೇಳಿ ದುರ್ಗದ ಆಳುಗಳು ಓಡಿಬಂದು, ಹೊರಗಿದ್ದವರನ್ನು ಗೋಡೆಯ ಮೇಲಿಂದ ಗುಂಡುಕಲ್ಲು ಉರುಳಿಸಿ ಜಜ್ಜಿದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಾಯಕ ಬೆಳ್ಳಿ ತಟ್ಟೆಯಲ್ಲಿ ವೀಳ್ಯ ಇಟ್ಟುಕೊಂಡು ಬರಿಗಾಲಲ್ಲಿ ಬಂದ. ಬೋವಿಗೆ ಇನ್ನೂ ಉಸಿರಿತ್ತು.

"ಬಂದ್ರಾ ದೊರೆ," ಎಂದ. "ಇಸ್ಕಣಾಕೆ ಕೈ ಇಲ್ಲ."

ಅಷ್ಟು ಹೇಳಿ ತಲೆ ವಾಲಿಸಿದ. ದುರುಗಮ್ಮ ತಟ್ಟೆಯನ್ನು ಒದ್ದಳು. ನಾಯಕ ತಾನು ಬದುಕಿರುವವರೆಗೂ ಆ ಕಂಡಿಗೆ ಹಗಲಿರುಳು ಕಾವಲಿಟ್ಟನೇ ಹೊರತು ಮುಚ್ಚು ಎಂದು ಯಾರಿಗೂ ಹೇಳುವ ಧೈರ್ಯ ಮಾಡಲಿಲ್ಲ.

ಕತೆ ಕೇಳಿದ ಗುತ್ತಿಗೆದಾರ ಸಿಮೆಂಟು ಚೀಲಗಳನ್ನು ಲಾರಿಗೆ ಮರಳಿ ಹಾಕಿಸಿದ. ಇಂದು ಹೋದವರಿಗೂ ಕಂಡಿಯ ಪಕ್ಕದಲ್ಲಿ, ಅದಕ್ಕೆಂದೇ ಬೋವಿ ಕಡೆದು ನಯಮಾಡಿದ ಕಲ್ಲು ಗೋಡೆಗೆ ಒರಗಿ ನಿಂತಿರುವುದು ಕಾಣುತ್ತದೆ. ನಾಲ್ಕು ಜನ ಕೈ ಹಾಕಿದರೆ ಅದು ತನ್ನ ಜಾಗದಲ್ಲಿ ಕೂರುತ್ತದೆ. ಈವರೆಗೆ ಯಾರೂ ಕೈ ಹಾಕಿಲ್ಲ.