ಕಂಡಿಲ್ಲ ಎಂದವಳು

"ಗುರುಗಳೇ, ಊರೆಲ್ಲ ಒಂದು ಮಾತು ಹೇಳುವಾಗ ಒಬ್ಬನೇ ಬೇರೆ ಮಾತು ಹೇಳುವ ಧೈರ್ಯ ಎಲ್ಲಿಂದ ಬರುತ್ತದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಮದುವೆಗೆ ಬಂದ ಮಗಳಿದ್ದಳು. ಒಂದು ದಿನ ಊರ ಗೌಡನ ಹುಲ್ಲಿನ ಬಣವೆಗೆ ಬೆಂಕಿ ಬಿತ್ತು. ಬೆಂಕಿ ಇಟ್ಟವನು ಊರ ಕುಂಬಾರನೇ ಎಂದು ಗೌಡ ಹೇಳಿದ. ಹಿಂದಿನ ವಾರವಷ್ಟೇ ಅವರಿಬ್ಬರಿಗೂ ಜಗಳವಾಗಿತ್ತು. ಮನೆಗೊಬ್ಬರಂತೆ ಪಂಚಾಯಿತಿ ಕಟ್ಟೆಯ ಮುಂದೆ ನಿಂತು ಸಾಕ್ಷಿ ಹೇಳಬೇಕೆಂದು ಅಪ್ಪಣೆಯಾಯಿತು. ಒಬ್ಬೊಬ್ಬರೇ ಬಂದು "ಕುಂಬಾರನೇ ಇಟ್ಟದ್ದು, ನಾನು ಕಂಡೆ" ಎಂದರು.

ನೇಯುವವಳ ಸರದಿ ಬಂತು. ಅವಳು ಧೈರ್ಯವಂತೆಯೇನಲ್ಲ. ಎಲ್ಲರ ಹಾಗೆ ಹೇಳಿ ಮನೆಗೆ ಹೋಗೋಣವೆಂದೇ ಬಂದಿದ್ದಳು. ಆದರೆ ಕುಂಬಾರ ಎದುರಿಗೇ ಕೂತಿದ್ದ. ಬಾಯಿ ತೆರೆದರೆ ಆ ಮಾತು ಹೊರಡಲಿಲ್ಲ. "ನಾನು ಕಂಡಿಲ್ಲ" ಎಂದಳು.

ಅವಳೊಬ್ಬಳ ಮಾತಿನಿಂದ ಕುಂಬಾರ ಉಳಿಯಲಿಲ್ಲ. ಹೆಂಡತಿ ಮಕ್ಕಳೊಂದಿಗೆ ಅವನನ್ನು ಊರಿನಿಂದ ಹೊರಗೆ ಹಾಕಿದರು. ಆ ಬೇಸಗೆಯಲ್ಲೇ ಅವನು ಯಾವುದೋ ಊರಿನ ಹಾದಿಯಲ್ಲಿ ಸತ್ತ. ಇತ್ತ ಊರವರು ಅವಳಿಗೆ ನೂಲು ಕೊಡುವುದನ್ನು ನಿಲ್ಲಿಸಿದರು. ಮಾತು ನಿಲ್ಲಿಸಿದರು. ಮಗಳಿಗೆ ನಿಶ್ಚಯವಾಗಿದ್ದ ಮದುವೆ ಮುರಿಯಿತು. ಮಗಳು ಒಂದೇ ಒಂದು ಸಲ ಕೇಳಿದಳು: "ಅವ್ವ, ಎಲ್ಲರೂ ಹೇಳಿದ್ದನ್ನು ನೀನೂ ಹೇಳಿದ್ದರೆ ಏನಾಗುತ್ತಿತ್ತು?" ಅವಳು ಖಾಲಿ ಮಗ್ಗದ ಮುಂದೆ ಹೋಗಿ ಕೂತಳು. ಕುಂಬಾರ ಹೇಗೂ ಸತ್ತಿದ್ದ.

ಮೂರು ವರ್ಷವಾದ ಮೇಲೆ ಗೌಡನ ತಮ್ಮ ಕಾಯಿಲೆ ಬಿದ್ದ. ಸಾಯುವ ಮುಂಚೆ, ತಾನು ಸೇದುತ್ತಿದ್ದ ಚುಟ್ಟಾದ ಕಿಡಿಯಿಂದಲೇ ಬಣವೆ ಹತ್ತಿಕೊಂಡದ್ದು ಎಂದು ಎಲ್ಲರೆದುರು ಒಪ್ಪಿಕೊಂಡ. ಊರು ತಲೆ ತಗ್ಗಿಸಿತು. ಗೌಡನೇ ನೇಯುವವಳ ಬಾಗಿಲಿಗೆ ಬಂದು ಕರೆದೊಯ್ದ. ಕಟ್ಟೆಯ ಮೇಲೆ ತನ್ನ ಪಕ್ಕದಲ್ಲಿ ಜಾಗ ಕೊಟ್ಟ. ತಾಯಂದಿರು ಮಕ್ಕಳಿಗೆ ಅವಳನ್ನು ತೋರಿಸಿ, ಇದ್ದರೆ ಹೀಗಿರಬೇಕು ಎನ್ನತೊಡಗಿದರು. ಅವಳಿಗೆ ಇದು ಹಿತವಾಗಲಿಲ್ಲ. ಆದರೂ ಬೇಡವೆನ್ನಲಿಲ್ಲ. ಒಂಟಿಯಾಗಿದ್ದು ಸಾಕಾಗಿತ್ತು.

ಮರುವರ್ಷ ಒಂದು ಬೆಳಿಗ್ಗೆ ಒಬ್ಬ ವರ್ತಕನ ಸೊಸೆ ಕೆರೆಯಲ್ಲಿ ಹೆಣವಾಗಿ ಸಿಕ್ಕಳು. ಅವಳ ತಂದೆ ದೂರದ ಊರಿನಿಂದ ಬಂದು ಕಟ್ಟೆಯ ಮುಂದೆ ನಿಂತ. "ನನ್ನ ಮಗಳು ತಾನಾಗಿ ನೀರಿಗೆ ಬೀಳುವವಳಲ್ಲ. ಯಾರಾದರೂ ಏನಾದರೂ ಕಂಡಿದ್ದರೆ ಹೇಳಿ" ಎಂದು ಕೈಮುಗಿದ.

ಗೌಡ ಮೊದಲು ನೇಯುವವಳ ಕಡೆ ತಿರುಗಿದ. ಅವಳು ಆ ಬೆಳಿಗ್ಗೆ ಮನೆ ಬಿಟ್ಟು ಹೊರಗೆ ಬಂದಿರಲಿಲ್ಲ. ಇದ್ದುದನ್ನೇ ಹೇಳಿದಳು: "ನಾನು ಕಂಡಿಲ್ಲ."

"ನಾನೂ ಕಂಡಿಲ್ಲ" ಎಂದ ಮುಂದೆ ಕೂತಿದ್ದವನು. ಅವನ ಪಕ್ಕದವನೂ ಹಾಗೇ ಅಂದ. ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳುತ್ತ ಬಂದರು. ಬಟ್ಟೆ ಒಗೆಯುವ ಮುದುಕಿಯೂ ಅದನ್ನೇ ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನೇಯುವವಳು ಅದನ್ನು ನೋಡಿದಳು. ಕಟ್ಟೆಯಿಂದ ಇಳಿದು ಅವಳ ಹತ್ತಿರ ಹೋದಳು.

"ಅಜ್ಜಿ, ನೀನು ದಿನಾ ಹೊತ್ತು ಮೂಡುವಾಗಲೇ ಕೆರೆಯಲ್ಲಿ ಇರುತ್ತೀಯಲ್ಲ. ಏನು ಕಂಡೆ, ಹೇಳು."

"ನಿನ್ನಂಥವಳೇ ಕಂಡಿಲ್ಲ ಅಂದ ಮೇಲೆ ನಾನು ಕಂಡೆ ಅಂತ ಹೇಗೆ ಹೇಳಲಿ ತಾಯಿ?" ಎಂದಳು ಮುದುಕಿ. ಆಮೇಲೆ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

ತಂದೆ ಹೊತ್ತು ಇಳಿಯುವವರೆಗೂ ಕಾದ. ಮಗಳ ಸೀರೆಗಳ ಗಂಟನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟ. ನೇಯುವವಳು ಊರ ಗಡಿಯವರೆಗೂ ಅವನ ಹಿಂದೆ ನಡೆದಳು. ಹೇಳಲು ಅವಳ ಬಳಿ ಏನೂ ಇರಲಿಲ್ಲ. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ತುಂಬಿತ್ತು.

"ಅರ್ಥವಾಯಿತು ಗುರುಗಳೇ. ಬದುಕಿದರೆ ಆ ಹೆಂಗಸಿನ ಹಾಗೆ ಬದುಕಬೇಕು" ಎಂದ.

"ಆ ಊರಿನವರೆಲ್ಲ ಹಾಗೇ ಅಂದುಕೊಂಡಿದ್ದರು" ಎಂದರು ಗುರುಗಳು.